ಹಳೆಯ ಪಿಕಪ್ ದಾರಿಯಲ್ಲಿ ಬಂದ್ ಬೀಳುತ್ತಿದೆಯೇ? ಪಂಪ್ ಬಿಚ್ಚಿಸುವ ಮೊದಲು ಇಷ್ಟನ್ನು ನೋಡಿ

ಮಲ್ಪೆ ಬಂದರಿನಲ್ಲಿ ನಸುಕಿಗೇ ಮೀನು ತುಂಬಿಸಿಕೊಂಡು ಮಂಗಳೂರಿಗೆ ಹೊರಟ ಪಿಕಪ್ ಪಡುಬಿದ್ರಿ ದಾಟುವಷ್ಟರಲ್ಲಿ ಎರಡು ಸಲ ಬಂದ್ ಬಿದ್ದರೆ ಮಂಜುಗಡ್ಡೆಯೂ ಕರಗುತ್ತದೆ, ಮಾರುಕಟ್ಟೆಯ ಹೊತ್ತೂ ಮೀರುತ್ತದೆ. ಹತ್ತು ಹದಿನೈದು ವರ್ಷ ದುಡಿದ ಡೀಸೆಲ್ ಗಾಡಿಗೆ ಈ ತೊಂದರೆ ಕಾಣಿಸಿಕೊಂಡ ಕೂಡಲೇ ಹೆಚ್ಚಿನವರು ಹೇಳುವ ಮಾತು ‘ಪಂಪ್ ಹೋಗಿದೆ’ ಎಂಬುದು; ಅಂದರೆ ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಮುಖ್ಯ ಪಂಪ್. ನನ್ನ ಗಾಡಿಯ ಪಂಪನ್ನೂ ಒಮ್ಮೆ ಹೀಗೆಯೇ ಬಿಚ್ಚಿಸಿ, ನಾಲ್ಕು ದಿನದ ಬಾಡಿಗೆ ಕಳೆದುಕೊಂಡ ಮೇಲೆ, ದೋಷವಿದ್ದದ್ದು ಡೀಸೆಲ್ ಫಿಲ್ಟರಿನ ಬಳಿಯ ಒಂದು ತಾಮ್ರದ ವಾಷರಿನಲ್ಲಿ ಎಂದು ತಿಳಿಯಿತು. ಆದ್ದರಿಂದ ಪಂಪಿಗೆ ಕೈ ಹಾಕುವ ಮೊದಲು ಮಾಲೀಕರೇ ನೋಡಬಹುದಾದದ್ದನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ. ಇದು ಮುಖ್ಯವಾಗಿ ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದ, ಅಧಿಕ ಒತ್ತಡದ ಡೀಸೆಲ್ ವ್ಯವಸ್ಥೆ) ಬರುವುದಕ್ಕೆ ಮೊದಲಿನ, ಯಾಂತ್ರಿಕ ಪಂಪ್ ಇರುವ ಡೀಸೆಲ್ ಪಿಕಪ್‌ಗಳಿಗೆ ಅನ್ವಯಿಸುತ್ತದೆ.

ಮೊದಲಿಗೆ ಸುರಕ್ಷತೆ. ಎಂಜಿನ್ ನಿಂತೊಡನೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಹೊಸದಾಗಿ ಹುಟ್ಟುವುದಿಲ್ಲ. ಉಳಿದದ್ದು ಒಂದೆರಡು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಹಾಗಾಗಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಗಾಡಿಯನ್ನು ಎಡಕ್ಕೆ ತನ್ನಿ. ಶಿರಾಡಿ ಘಾಟಿಯಂಥ ಏರಿನಲ್ಲಾದರೆ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಬಾನೆಟ್ ಎತ್ತಬೇಕು.

ಹೇಗೆ ನಿಂತಿತು ಎಂಬುದೇ ಮೊದಲ ಸುಳಿವು

ಕೀಲಿ ತಿರುಗಿಸಿ ಆಫ್ ಮಾಡಿದಂತೆ ಎಂಜಿನ್ ಒಮ್ಮೆಲೇ ನಿಂತಿತೇ, ಅಥವಾ ಎಳೆತ ಕುಂದಿ, ತಡವರಿಸಿ, ಅಲುಗಾಡುತ್ತಾ ನಿಂತಿತೇ ಎಂಬುದನ್ನು ನೆನಪಿಟ್ಟುಕೊಳ್ಳಿ. ಒಮ್ಮೆಲೇ ನಿಂತರೆ ಹೆಚ್ಚಾಗಿ ಅದು ವಿದ್ಯುತ್ತಿನ ಕಡೆಯ ದೋಷ. ತಡವರಿಸಿ ನಿಂತರೆ ಡೀಸೆಲ್ ಸಾಕಷ್ಟು ತಲುಪುತ್ತಿಲ್ಲ. ಇದರ ಜೊತೆಗೆ ಎಂಜಿನ್ ಬಿಸಿಯಾಗಿತ್ತೇ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಏರು ಹತ್ತುತ್ತಿತ್ತೇ, ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಆಯಿತು ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಮೆಕ್ಯಾನಿಕ್‌ಗೆ ‘ಆಗಾಗ ನಿಲ್ಲುತ್ತದೆ’ ಎಂದು ಹೇಳುವುದಕ್ಕಿಂತ ಈ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಮ್ಮೆಲೇ ನಿಂತರೆ

ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದ ಮೇಲೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ. ಆದರೂ ಅನೇಕ ಗಾಡಿಗಳಲ್ಲಿ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ ಬಾಗಿಲು ಇರುತ್ತದೆ. ಅದಕ್ಕೆ 12 ವೋಲ್ಟ್ ಸಿಗುತ್ತಿರುವವರೆಗೆ ಮಾತ್ರ ಡೀಸೆಲ್ ಒಳಗೆ ಹೋಗುತ್ತದೆ; ತಂತಿ ಒಂದು ಕ್ಷಣ ಸಡಿಲವಾದರೂ ಎಂಜಿನ್ ನಿಲ್ಲುತ್ತದೆ. ಕೀಲಿಯನ್ನು ಆನ್ ಮಾಡಿ ಆಲಿಸಿದರೆ ಪಂಪಿನ ಬಳಿ ‘ಟಿಕ್’ ಎಂಬ ಸಣ್ಣ ಸದ್ದು ಕೇಳಬೇಕು. ಕೇಳದಿದ್ದರೆ ಟೆಸ್ಟ್ ಲ್ಯಾಂಪ್ ಹಿಡಿದು ಸೊಲೆನಾಯ್ಡಿನ ತುದಿಗೆ ವಿದ್ಯುತ್ ಬರುತ್ತಿದೆಯೇ ನೋಡಿ. ಬರುತ್ತಿಲ್ಲವಾದರೆ ಫ್ಯೂಸ್, ಕೀಲಿಯ ಸ್ವಿಚ್ ಮತ್ತು ವೈರಿಂಗ್ ಪರೀಕ್ಷಿಸಬೇಕು. ಬರುತ್ತಿದ್ದೂ ಸದ್ದಿಲ್ಲವಾದರೆ ಸೊಲೆನಾಯ್ಡ್ ಕೆಟ್ಟಿದೆ. ಬಿಸಿಯಾದಾಗ ಮಾತ್ರ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಓಡುವ ಗಾಡಿಯಲ್ಲಿ ಇದರ ಸುರುಳಿಯನ್ನು ಶಂಕಿಸಬಹುದು. ಸೊಲೆನಾಯ್ಡ್ ಬದಲು ಎಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ ಇರುವ ಗಾಡಿಯಲ್ಲಿ, ಆ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಂಡಿಲ್ಲವಷ್ಟೇ ಎಂದು ಖಚಿತಪಡಿಸಿಕೊಳ್ಳಿ.

ನಮ್ಮ ಕರಾವಳಿಯ ಗಾಡಿಗಳಲ್ಲಿ ಇನ್ನೊಂದು ವಿಷಯಕ್ಕೆ ವಿಶೇಷ ಗಮನ ಬೇಕು. ಉಪ್ಪುಗಾಳಿ ಹೇಗೂ ಇದೆ. ಅದರ ಮೇಲೆ ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಹಿಂಬದಿಯ ಹಲಗೆಯ ಸಂದಿನಿಂದ ಇಳಿದು ಚಾಸಿಯ ಮೇಲೆ ದಿನವೂ ಹರಿಯುತ್ತದೆ. ಬ್ಯಾಟರಿಯ ತುದಿಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿ ಹೊರಗಿನಿಂದ ಸರಿಯಾಗಿ ಕಂಡರೂ ಬೋಲ್ಟಿನ ಅಡಿಯಲ್ಲಿ ತುಕ್ಕು ತಿಂದಿರುತ್ತದೆ, ಆದ್ದರಿಂದ ಅದನ್ನು ಬಿಚ್ಚಿಯೇ ನೋಡಬೇಕು.

ತಡವರಿಸಿ ನಿಂತರೆ

ಇಲ್ಲಿ ನೀರು, ಕಸ, ಗಾಳಿ ಎಂಬ ಮೂರು ಶತ್ರುಗಳಿವೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ, ಅರ್ಧ ಖಾಲಿಯಾದ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ಡೀಸೆಲಿಗೆ ಇಳಿಯುವುದು ಸಹಜ. ಡೀಸೆಲ್ ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ಒಂದು ಲೋಟದಷ್ಟನ್ನು ಸ್ವಚ್ಛವಾದ ಗಾಜಿನ ಬಾಟಲಿಗೆ ಇಳಿಸಿ ಕಾಲು ಗಂಟೆ ಅಲುಗಿಸದೆ ಇಡಿ. ಡೀಸೆಲಿಗಿಂತ ಭಾರವಾದ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಕಪ್ಪು ಲೋಳೆಯಂಥದ್ದು ಕಂಡರೆ, ನೀರು ಮತ್ತು ಡೀಸೆಲ್ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಸರು ಟ್ಯಾಂಕಿನಲ್ಲಿದೆ ಎಂದು ತಿಳಿಯಿರಿ. ಆಗ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕನ್ನು ಇಳಿಸಿ ತೊಳೆಸಲೇಬೇಕು.

ಗಾಳಿಯ ದೋಷ ಇವುಗಳಿಗಿಂತ ಸೂಕ್ಷ್ಮವಾದದ್ದು. ಜನ ಹೆಚ್ಚು ಮೋಸ ಹೋಗುವುದೂ ಇಲ್ಲಿಯೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಮುಖ್ಯ ಪಂಪಿಗೆ ಡೀಸೆಲ್ ಎಳೆದು ಕೊಡುವ ಚಿಕ್ಕ ಪಂಪ್) ಪೈಪಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆಯೇ ಹೊರತು ತಳ್ಳಲಾಗುವುದಿಲ್ಲ. ರೋಟರಿ ಪಂಪ್ ಇರುವ ಹಲವು ಗಾಡಿಗಳಲ್ಲಿ ಎಳೆಯುವ ಭಾಗ ಪಂಪಿನ ಒಳಗೇ ಇರುವುದರಿಂದ ಫಿಲ್ಟರೂ ಈ ಎಳೆತಕ್ಕೆ ಒಳಪಡುತ್ತದೆ. ಎಳೆತದ ಪೈಪಿನಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿಯೇ ಒಳಗೆ ನುಗ್ಗುತ್ತದೆ. ಆದ್ದರಿಂದ ನೆಲದಲ್ಲಿ ಒಂದು ಹನಿ ಬೀಳದಿದ್ದರೂ ಗಾಡಿ ‘ಏರ್ ಹಿಡಿದು’ ನಿಲ್ಲಬಹುದು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡರೆ, ಡೀಸೆಲ್ ಟ್ಯಾಂಕಿಗೆ ಹಿಂದಕ್ಕೆ ಇಳಿದಿದೆ ಎಂಬುದಕ್ಕೆ ಅದೇ ಸೂಚನೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಜೋಡಿಸಿ ಎಂಜಿನ್ ಓಡಿಸಿದರೆ, ಒಳಗೆ ಸಾಲಾಗಿ ಹೋಗುವ ಗುಳ್ಳೆಗಳು ಕಣ್ಣಿಗೇ ಕಾಣಿಸುತ್ತವೆ.

ಗುಳ್ಳೆ ಕಂಡರೆ ರಬ್ಬರ್ ಪೈಪಿನ ಬಿರುಕು, ಸಡಿಲವಾದ ಕ್ಲಿಪ್ಪು, ಪೈಪನ್ನು ಜೋಡಿಸುವ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರುಗಳನ್ನು ಒಂದೊಂದಾಗಿ ನೋಡಿ. ಒಮ್ಮೆ ಬಿಗಿದು ಅಮುಕಿದ ವಾಷರನ್ನು ಮತ್ತೆ ಹಾಕಬೇಡಿ. ಚಾಸಿಯ ಉದ್ದಕ್ಕೂ ಹೋಗುವ ಕಬ್ಬಿಣದ ಪೈಪನ್ನು ಹಿಡಿದಿಡುವ ಕ್ಲಿಪ್ಪುಗಳ ಅಡಿಯಲ್ಲಿ ಉಪ್ಪುನೀರು ನಿಂತು, ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಕ್ಲಿಪ್ಪನ್ನು ತೆಗೆದು ತಂತಿಯ ಬ್ರಷ್‌ನಿಂದ ಉಜ್ಜಿದಾಗಲೇ ಅದು ಕಾಣುವುದು.

ದಾರಿಯಲ್ಲೇ ಮಾಡಬಹುದಾದ ಸುಲಭ ಪರೀಕ್ಷೆಯೂ ಒಂದಿದೆ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಸ್’ ಎಂದು ಗಾಳಿ ಒಳಗೆಳೆದುಕೊಂಡು, ಬಳಿಕ ಎಂಜಿನ್ ಸರಾಗವಾಗಿ ಓಡಿದರೆ ಟ್ಯಾಂಕಿನ ಉಸಿರುದಾರಿ ಕೆಂಪು ಧೂಳಿನಿಂದ ಕಟ್ಟಿದೆ. ಹಾಗಲ್ಲದೆ ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಬಿಟ್ಟರೆ ಮತ್ತೆ ಹತ್ತು ನಿಮಿಷ ಓಡುವ ಗಾಡಿಯಾದರೆ, ಟ್ಯಾಂಕಿನೊಳಗಿನ ಜಾಲರಿಗೆ ಕಸ ಅಂಟಿಕೊಂಡು, ಎಂಜಿನ್ ನಿಂತಾಗ ಅದು ಕಳಚಿ ಬೀಳುತ್ತಿರಬಹುದು.

ಸಂಶಯ ಇಷ್ಟಕ್ಕೂ ತೀರದಿದ್ದರೆ ಕ್ಯಾನಿನ ಪರೀಕ್ಷೆ ಮಾಡಿ. ನನ್ನ ಅಭಿಪ್ರಾಯದಲ್ಲಿ ಪಂಪ್ ಬಿಚ್ಚುವ ಮೊದಲು ಇದನ್ನು ಯಾರೂ ತಪ್ಪಿಸಬಾರದು. 5 ಲೀಟರಿನ ಸ್ವಚ್ಛ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ, ಸೈಲೆನ್ಸರಿನ ಬಿಸಿಯಿಂದ ದೂರವಿಟ್ಟು ಗಟ್ಟಿಯಾಗಿ ಕಟ್ಟಿ. ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ, ಅದರ ಬದಲು ಕ್ಯಾನಿನಿಂದ ಪೈಪ್ ಕೊಡಿ. ಮಿಕ್ಕ ಡೀಸೆಲ್ ಟ್ಯಾಂಕಿಗೆ ಹಿಂದಿರುಗುವ ಪೈಪನ್ನೂ ಕ್ಯಾನಿಗೇ ಬಿಡಿ. ಗಾಡಿಯನ್ನು ನಿಲ್ಲಿಸಿಯೇ, ಅದು ಮಾಮೂಲಾಗಿ ಬಂದ್ ಬೀಳುವಷ್ಟು ಹೊತ್ತು ಎಂಜಿನ್ ಓಡಿಸಿ, ನಡುನಡುವೆ ರೇಸ್ ಕೊಡಿ. ಕ್ಯಾನಿನಿಂದ ತಡೆಯಿಲ್ಲದೆ ಓಡಿದರೆ ದೋಷ ಟ್ಯಾಂಕ್ ಅಥವಾ ಉದ್ದದ ಪೈಪಿನಲ್ಲಿದೆ, ಪಂಪ್ ನಿರಪರಾಧಿ. ಕ್ಯಾನಿನಲ್ಲೂ ನಿಂತರೆ ಫಿಲ್ಟರ್, ವಾಷರ್, ಫೀಡ್ ಪಂಪ್, ಕೊನೆಗೆ ಮುಖ್ಯ ಪಂಪ್ ಎಂಬ ಕ್ರಮದಲ್ಲಿ ಮುಂದುವರಿಯಿರಿ.

ಯಾವ ಪೈಪ್ ಬಿಚ್ಚಿದರೂ ಕೊನೆಗೆ ಗಾಳಿ ತೆಗೆಯಬೇಕು. ಫಿಲ್ಟರಿನ ಮೇಲಿನ ಬ್ಲೀಡ್ ತಿರುಪನ್ನು (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ನೊರೆ ನಿಂತು ಬರಿಯ ಡೀಸೆಲ್ ಹೊರಬರುವವರೆಗೆ ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪಂಪ್ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಿರಿ. ಪಂಪಿನ ಮೇಲೆ ಅಂಥದೇ ತಿರುಪಿದ್ದರೆ ಅಲ್ಲಿಯೂ ಹೀಗೆಯೇ ಮಾಡಿ. ಕಾಮನ್ ರೈಲ್ ಗಾಡಿಯವರು ಮಾತ್ರ ಡೀಸೆಲ್ ಚಿಮ್ಮಿಸುವ ನೋಜಲಿನ ಪೈಪನ್ನು ಸಡಿಲಿಸುವ ಸಾಹಸಕ್ಕೆ ಹೋಗಬಾರದು. ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ, ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಅಂಥ ಗಾಡಿ ಬಿಸಿಯಾದಾಗ ಫಕ್ಕನೆ ನಿಂತರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಸರಿಯಿದೆಯೇ ಎಂದು ಸ್ಕ್ಯಾನರ್ ಇರುವಲ್ಲಿ ನೋಡಿಸಿ.

ಸಿಗ್ನಲಿನಲ್ಲಿ ಕ್ಲಚ್ ಒತ್ತಿದಾಗ ಮಾತ್ರ ನಿಲ್ಲುವುದಾದರೆ ಐಡಲಿಂಗ್ (ಆಕ್ಸಿಲರೇಟರ್ ಒತ್ತದೆ ಇರುವಾಗಿನ ಎಂಜಿನ್ ವೇಗ) ತೀರಾ ಇಳಿದಿರಬಹುದು, ಗಾಡಿಯ ಕೈಪಿಡಿಯಲ್ಲಿರುವ ಅಂಕಿಗೆ ಅದನ್ನು ಹೊಂದಿಸಿದರೆ ಸಾಕು. ಏರ್ ಫಿಲ್ಟರನ್ನೂ ಒಮ್ಮೆ ತೆಗೆದು ನೋಡಿ. ಮುರಕಲ್ಲಿನ ಕ್ವಾರಿಗೆ ಹೋಗಿ ಬರುವ ಗಾಡಿಗಳಲ್ಲಿ ಅದು ಬೇಗ ಕಟ್ಟಿಕೊಂಡು, ಹೊಗೆ ಕಪ್ಪಾಗಿ ಎಳೆತ ಕುಂದುತ್ತದೆ.

ದುರಸ್ತಿಯಾದ ಮೇಲೆ ಖಾಲಿ ಗಾಡಿಯನ್ನು ಸಮತಟ್ಟಾದ ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಮಾಮೂಲಿನ ಹೊರೆ ಹಾಕಿ, ಒಂದು ಉದ್ದದ ಏರು ಹತ್ತಿಸಿ. ಬಳಿಕ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ರಾತ್ರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬೇಡಿ. ಬೆಳಿಗ್ಗೆ ಎಂಜಿನ್ ಮೊದಲ ಸೆಲ್ಫಿಗೇ ಎದ್ದು, ಎರಡು ನಿಮಿಷ ತಡವರಿಸದೆ ಓಡಿದರೆ ಗಾಳಿಯ ದಾರಿ ಮುಚ್ಚಿದೆ. ಪಾರದರ್ಶಕ ಪೈಪನ್ನು ತೆಗೆದು ಮಾಮೂಲಿನ ಪೈಪನ್ನು ಹೊಸ ವಾಷರಿನೊಂದಿಗೆ ಜೋಡಿಸಿ, ಮತ್ತೊಮ್ಮೆ ಗಾಳಿ ತೆಗೆದು, ಬಾಡಿಗೆಗೆ ಹೊರಡಬಹುದು.