ವಾರ್ಡಲ್ಲಿ ದಿನಾ ಬೇಕಾಗೋ ನೇಮೆನ್, ನಾನು ಕಲಿತಿದ್ದು ಹೀಗೆ

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟಿರೋರಿಗೆ ನಾನು ಮೊದಲು ಗಟ್ಟಿ ಮಾಡ್ಕೊಳ್ಳಿ ಅನ್ನೋ ಜರ್ಮನ್ ಕ್ರಿಯಾಪದ ನೇಮೆನ್, ಅಂದ್ರೆ ತಗೊಳ್ಳೋದು. ಝೈನ್ (ಇರೋದು), ಹಾಬೆನ್ (ಹೊಂದಿರೋದು) ಎಲ್ಲ ಹೇಗೂ ಬಾಯಿಗೆ ಬಂದ್ಬಿಡ್ತವೆ. ಆದ್ರೆ ವಾರ್ಡಲ್ಲಿ ರಕ್ತ ತೆಗೆಯೋದು, ಮಾತ್ರೆ ತಗೊಳ್ಳೋದು, ರೋಗಿ ತೂಕ ಇಳಿಯೋದು ಏರೋದು, ಇನ್ನೊಬ್ಬರ ರೂಮು ನಾವು ನೋಡ್ಕೊಳ್ಳೋದು, ಎಲ್ಲಕ್ಕೂ ಇದೇ ಬೇಕು.

ಇಶ್ (ನಾನು) ನೇಮೆ, ಡು (ನೀನು) ನಿಮ್‌ಸ್ಟ್, ಎರ್ (ಅವನು) ನಿಮ್ಟ್, ವೀರ್ (ನಾವು) ನೇಮೆನ್, ಈರ್ (ನೀವೆಲ್ಲ) ನೇಮ್ಟ್, ಝೀ (ಅವರು) ನೇಮೆನ್. ಸ್ವರ ಬದಲಾಗೋದು ಡು ಮತ್ತೆ ಎರ್ ಕಡೆ ಮಾತ್ರ. ಇದನ್ನ ನಾನು ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಬರ್ಕೊಂಡೆ, ಯಾಕಂದ್ರೆ ಹ್ರಸ್ವ ದೀರ್ಘ ನಮ್ಮ ಲಿಪೀಲಿ ನೋಡಿದ ತಕ್ಷಣ ಗೊತ್ತಾಗತ್ತೆ, ಜರ್ಮನ್ ಸ್ಪೆಲ್ಲಿಂಗ್ ನಿಂತಿರೋದೂ ಅದರ ಮೇಲೇ. ನೇ ಅಂತ ದೀರ್ಘ ಇದ್ರೆ ಉಚ್ಚಾರಣೆ ಇಲ್ಲದ ಒಂದು ಎಚ್ ಬರತ್ತೆ, ನಿ ಅಂತ ಹ್ರಸ್ವ ಆದ್ರೆ ಎಚ್ ಹೋಗಿ ಎರಡು ಎಮ್. ಭೂತಕಾಲದ ನಾಮ್ ದೀರ್ಘ, ಎಚ್ ವಾಪಸ್. ಹಾಟ್ ಜೊತೆ ಸೇರಿ ಆಗಿಹೋದದ್ದನ್ನ ಹೇಳೋ ಗೆನೊಮ್ಮೆನ್ ಹ್ರಸ್ವ, ಮತ್ತೆ ಎರಡು ಎಮ್. ನಾಮ್ ಓದೋವಾಗ ಸಿಗತ್ತೆ ಅಷ್ಟೇ, ಮಾತಲ್ಲಿ ಹೆಚ್ಚಾಗಿ ಕೇಳೋದು ಹಾಟ್ ಗೆನೊಮ್ಮೆನ್.

ನಿಜವಾದ ಕೆಲಸ ಇರೋದು ಮುಂದೆ ಸೇರೋ ತುಣುಕುಗಳಲ್ಲಿ. ಅಪ್‌ನೇಮೆನ್ ತಗೊಳ್ಳಿ: "ಇಶ್ ನೇಮೆ ಈನೆನ್ ಯೆಟ್ಸ್ಟ್ ಬ್ಲೂಟ್ ಅಪ್", ಈಗ ನಿಮ್ಮ ರಕ್ತ ತೆಗೀತೀನಿ. ಅಪ್ ಕಳಚ್ಕೊಂಡು ವಾಕ್ಯದ ಕೊನೆಗೆ ಹೋಗತ್ತೆ, ಸೂಜಿ ರೆಡಿ ಮಾಡ್ಕೊಳ್ತಾ ಮಾತಾಡೋವಾಗ ಅದೇ ಬಿಟ್ಟುಹೋಗೋದು, ಹಾಗಾಗಿ ಪದ ಅಲ್ಲ, ಇಡೀ ವಾಕ್ಯನೇ ಬಾಯಿಪಾಠ ಮಾಡಿ. ಅದೇ ಅಪ್‌ನೇಮೆನ್ ತೂಕ ಇಳಿಯೋದಕ್ಕೂ ಆಗತ್ತೆ: "ಎರ್ ಹಾಟ್ ಡ್ರೈ ಕೀಲೋ ಅಪ್‌ಗೆನೊಮ್ಮೆನ್", ಅವರು ಮೂರು ಕಿಲೋ ಇಳಿದಿದ್ದಾರೆ. ಗೆ ಮಧ್ಯ ನುಸುಳಿದ್ದು ನೋಡಿ. ತೂಕ ಏರಿದ್ರೆ ಟ್ಸೂನೇಮೆನ್, ಮಾತ್ರೆ ಸೇವಿಸೋದು ಐನ್‌ನೇಮೆನ್, ಇವಕ್ಕೂ ಇದೇ ರೂಲ್.

ಯೂಬರ್‌ನೇಮೆನ್ ಮಾತ್ರ ಬೇರೆ ಜಾತಿ. ಶಿಫ್ಟ್ ಬದಲಾಗೋವಾಗ "ಇಶ್ ಯೂಬರ್‌ನೇಮೆ ಟ್ಸಿಮ್ಮರ್ ಫಿಯರ್", ನಾಲ್ಕನೇ ರೂಮು ನಾನು ನೋಡ್ಕೊಳ್ತೀನಿ ಅಂತ. ಒತ್ತು ನೇ ಮೇಲೆ ಬೀಳತ್ತೆ, ಹಾಗಾಗಿ ಕಳಚ್ಕೊಳ್ಳಲ್ಲ, ಗೆ ಕೂಡ ಸೇರಲ್ಲ, ಹಾಟ್ ಯೂಬರ್‌ನೊಮ್ಮೆನ್ ಅಷ್ಟೇ.

ವೈಲ್ (ಯಾಕಂದ್ರೆ) ಬಂದ್ರೆ ಎಲ್ರೂ ಹೆದರ್ತಾರೆ, ನಾವು ಹೆದರೋದು ಬೇಡ. "ವೈಲ್ ಎರ್ ಡೀ ಟಾಬ್ಲೆಟೆ ನಿಶ್ಟ್ ಐನ್‌ನಿಮ್ಟ್", ಯಾಕಂದ್ರೆ ಅವರು ಮಾತ್ರೆ ತಗೊಳ್ಳಲ್ಲ. ಕ್ರಿಯಾಪದ ಕೊನೇಲಿ, ನಮ್ಮನೇ ಪದ್ಧತಿ, ಕಳಚಿದ ತುಣುಕೂ ವಾಪಸ್ ಬಂದು ಅಂಟ್ಕೊಳ್ಳತ್ತೆ.

ರೋಗಿಗೆ ಯಾವಾಗ್ಲೂ "ನೇಮೆನ್ ಝೀ" (ತಗೊಳ್ಳಿ), ಜೊತೆ ಕೆಲಸ ಮಾಡೋರು ಸಲಿಗೆ ಇದ್ರೆ "ನಿಮ್" (ತಗೋ).

ಇದು ಕೂತ ಮೇಲೆ ಶ್ಪ್ರೆಶೆನ್ (ಮಾತಾಡೋದು), ಹೆಲ್ಫೆನ್ (ಸಹಾಯ ಮಾಡೋದು), ಟ್ರೆಫೆನ್ (ಭೇಟಿಯಾಗೋದು) ಹಿಡ್ಕೊಳ್ಳಿ, ಅವೂ ಶ್ಪ್ರಿಶ್ಟ್, ಹಿಲ್ಫ್ಟ್, ಟ್ರಿಫ್ಟ್ ಅಂತಾನೇ ಹೋಗೋದು, ಗೆ ರೂಪದಲ್ಲೂ ಒಕಾರವೇ. ಗೇಬೆನ್ (ಕೊಡೋದು) ಮಾತ್ರ ಈ ಗುಂಪಿಗೆ ಸೇರಿಸ್ಬೇಡಿ, ಅದು ಗಿಪ್ಟ್ ಅಂತ ಹೊರಟು ಗೆಗೇಬೆನ್ ಅಂತ ವಾಪಸ್ ಬಂದ್ಬಿಡತ್ತೆ.