ತೀರಿಕೊಂಡ ತಾಯಿಯ ನೆನಪನ್ನು ಮಕ್ಕಳಿಗಾಗಿ ಬರೆದಿಡುವ ಬಗೆ

ಚಿಕ್ಕ ಮಕ್ಕಳನ್ನು ಬಿಟ್ಟು ತಾಯಿ ತೀರಿಕೊಂಡ ಮನೆಯಲ್ಲಿ ದಿನಕರ್ಮ ಮುಗಿಯುತ್ತಲೇ ನೆಂಟರು ತಮ್ಮ ಊರುಗಳಿಗೆ ಮರಳುತ್ತಾರೆ, ಸೀರೆಗಳು ಹಂಚಿಹೋಗುತ್ತವೆ, ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೊ ಉಳಿಯುತ್ತದೆ. ಎರಡು ಮೂರು ವರ್ಷದ ಮಗುವಿಗೆ ದೊಡ್ಡದಾದ ಮೇಲೆ ತಾಯಿಯ ಸ್ವಂತ ನೆನಪು ಉಳಿಯುವುದು ಬಹಳ ಅಪರೂಪ. ಆದುದರಿಂದ ಆಕೆಯನ್ನು ಬಲ್ಲ ದೊಡ್ಡವರೇ ಮೊದಲ ವರ್ಷದೊಳಗೆ ಕೂತು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಎಲ್ಲಕ್ಕಿಂತ ಮುಂಚೆ ಆಕೆಯ ಮೊಬೈಲ್ ಅನ್ನು ಕಾಪಾಡಿಕೊಳ್ಳಿ. ರೀಚಾರ್ಜ್ ಇಲ್ಲದೆ 90 ದಿನ ಬಳಕೆಯಾಗದ ಸಿಮ್ ರದ್ದಾಗಬಹುದು. 120 ದಿನ ಬಳಸದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿದುಹೋಗುತ್ತದೆ. ಆಕೆ ತವರಿಗೆ ಕಳಿಸಿದ ಧ್ವನಿ ಸಂದೇಶಗಳನ್ನು ಪೆನ್ ಡ್ರೈವ್‌ಗೆ ಇಳಿಸಿ, ಎರಡು ಮನೆಗಳಲ್ಲಿ ಒಂದೊಂದು ಪ್ರತಿ ಇಡಿ.

ನಂತರ ತವರಿಗೆ ಹೋಗಬೇಕು. ಕೊಪ್ಪಳದಲ್ಲಿ ಬಾಳಿದವಳ ತವರು ಸಿಂಧನೂರಿನ ಕಡೆಗೋ ಸಿರುಗುಪ್ಪದ ಕಡೆಗೋ ಇದ್ದರೆ, ಆಕೆಯ ಅರ್ಧ ಬದುಕು ಅಲ್ಲಿನವರ ಬಾಯಲ್ಲಿದೆ. "ಆಕೆ ಹೇಗಿದ್ದಳು?" ಎಂದು ಕೇಳಿದರೆ "ಬಂಗಾರದಂಥಾಕಿ" ಎಂಬ ಒಂದೇ ಉತ್ತರ ಬರುತ್ತದೆ, ಅದು ನಿಜವೇ ಆದರೂ ಮಗುವಿನ ಕೈಗೆ ಏನೂ ದಕ್ಕುವುದಿಲ್ಲ. ಗವಿಮಠದ ಜಾತ್ರೆಗೆ ಯಾರ ಜೊತೆ ಹೋಗುತ್ತಿದ್ದಳು, ಅಲ್ಲಿ ಏನು ಕೊಳ್ಳುತ್ತಿದ್ದಳು, ಸಜ್ಜೆ ರೊಟ್ಟಿ ಬಡಿಯುವುದನ್ನು ಯಾರಿಂದ ಕಲಿತಳು, ಯಾವ ತರಗತಿಗೆ ಶಾಲೆ ಬಿಟ್ಟಳು, ಬಿಡುವಾಗ ಅತ್ತಳೇ, ಮಗುವನ್ನು ಯಾವ ಪದ ಹಾಡಿ ಮಲಗಿಸುತ್ತಿದ್ದಳು, ಯಾವ ಮಾತಿಗೆ ಸಿಟ್ಟಾಗುತ್ತಿದ್ದಳು ಎಂದು ಬಿಡಿಬಿಡಿಯಾಗಿ ಕೇಳಿ, ಹೇಳಿದವರ ಮಾತಿನಲ್ಲೇ, ಅವರ ಹೆಸರಿನೊಡನೆ ಬರೆದುಕೊಳ್ಳಿ. ಹಟ, ಮುನಿಸು, ತೀರದ ಆಸೆಗಳನ್ನೂ ಬಿಡಬೇಡಿ. ಬರೀ ತ್ಯಾಗವನ್ನೇ ಬರೆದರೆ ಮಗಳಿಗೆ ದೇವತೆಯೊಬ್ಬಳು ಸಿಗುತ್ತಾಳೆ, ಅವ್ವ ಸಿಗುವುದಿಲ್ಲ.

ಆಕೆ ಮಕ್ಕಳಿಗಾಗಿ ಪಟ್ಟ ಪಾಡಿಗೆ ಮನೆಯಲ್ಲೇ ಒಂದು ದಾಖಲೆ ಇರುತ್ತದೆ: ತಾಯಿ ಕಾರ್ಡ್. ಗರ್ಭಿಣಿಯಾಗಿದ್ದಾಗಿನ ತಪಾಸಣೆಗಳು, ಮಗುವಿನ ತೂಕ, ಕೂಲಿ ಬಿಟ್ಟು ಲಸಿಕೆಗೆ ಕರೆದೊಯ್ದ ತಾರೀಖುಗಳು ಅದರಲ್ಲಿರುತ್ತವೆ. ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಪುಸ್ತಕಕ್ಕೆ ಸೇರಿಸಿ.

ಸೀರೆಗಳನ್ನು ಹಂಚುವ ಮುನ್ನ ಮೂರ್ನಾಲ್ಕನ್ನು ತೆಗೆದಿಟ್ಟು ಕೌದಿ ಹೊಲಿಸಿದರೆ ಮಕ್ಕಳು ಅದನ್ನು ವರ್ಷಗಟ್ಟಲೆ ಹೊದ್ದುಕೊಳ್ಳಬಹುದು. ತೀರಿಕೊಂಡವರ ಬಟ್ಟೆ ಮನೆಯಲ್ಲಿರಬಾರದೆಂದು ಹಿರಿಯರು ಹೇಳಿದರೆ ಅವರೊಡನೆ ವಾದ ಬೇಡ. ಪ್ರತಿ ಸೀರೆಯ ಫೋಟೊ ತೆಗೆದು, ಯಾವ ಹಬ್ಬಕ್ಕೆ ಯಾರು ಕೊಡಿಸಿದ್ದೆಂದು ಕೆಳಗೆ ಬರೆಯಿರಿ.

ಸಾವಿನ ಪುಟವನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. "ಊರಿಗೆ ಹೋಗಿದ್ದಾಳೆ" ಎಂದು ಹೇಳಿದರೆ ಮಗು ಬಾಗಿಲಲ್ಲಿ ಕಾಯುತ್ತಲೇ ಇರುತ್ತದೆ. ಯಾವ ಕಾಯಿಲೆ, ಯಾವ ದಿನ, ಯಾರು ಬಳಿಯಲ್ಲಿದ್ದರು ಎಂಬುದನ್ನು ಸರಳವಾಗಿ, ಯಾರನ್ನೂ ದೂರದೆ ಬರೆಯಿರಿ. ಅವ್ವ ಸತ್ತದ್ದಕ್ಕೆ ಮಗುವಿನ ತಪ್ಪು ಏನೂ ಇಲ್ಲವೆಂಬ ಮಾತನ್ನು, ವಿಶೇಷವಾಗಿ ಹೆರಿಗೆಯಲ್ಲಿ ತೀರಿಕೊಂಡಿದ್ದರೆ, ಸ್ಪಷ್ಟವಾಗಿ ಸೇರಿಸಿ. ಪುಸ್ತಕದ ಕೊನೆಯಲ್ಲಿ ಕೆಲವು ಹಾಳೆಗಳನ್ನು ಖಾಲಿ ಬಿಡಿ, ಏಕೆಂದರೆ ಹತ್ತು ಹನ್ನೆರಡರ ವಯಸ್ಸಿಗೆ ಮಕ್ಕಳು ಹೊಸ ಪ್ರಶ್ನೆಗಳನ್ನು ತರುತ್ತಾರೆ, ಅವುಗಳಿಗೆ ಉತ್ತರ ಬಲ್ಲ ಅಜ್ಜಿಯೋ ಚಿಕ್ಕಮ್ಮನೋ ಆಗ ಅಲ್ಲಿಯೇ ಬರೆಯಬಹುದು.