ಒಂದು ಸ್ಟಾರ್ ಒತ್ತಿ, ನೂರು ಫೈಲ್ ಹಿಡಿಯಿರಿ

ಬ್ಯಾಡಗಿಯಲ್ಲಿ ನಮ್ಮ ಮಾವನ ದಲಾಲಿ ಅಂಗಡಿ ಇದೆ. ಮಾರ್ಕೆಟ್ಟಿಗೆ ಬಂದ ಮೆಣಸಿನಕಾಯಿ ಲಾಟುಗಳ ಫೋಟೊ ತೆಗೆದು ಹುಬ್ಬಳ್ಳಿಗೆ ನನಗೆ ಕಳಿಸುತ್ತಾರೆ. ತೆಳ್ಳಗೆ ಉದ್ದವಿರುವ ಕಡ್ಡಿ, ಗಿಡ್ಡಗೆ ದುಂಡಗಿರುವ ಡಬ್ಬಿ, ಎಲ್ಲ ಒಂದೇ ಫೋಲ್ಡರಿನಲ್ಲಿ. ಹೆಸರುಗಳು ‘ಕಡ್ಡಿ-01.ಜೆಪಿಜಿ’, ‘ಡಬ್ಬಿ-07.ಜೆಪಿಜಿ’ ಹೀಗೆ. ಮೌಸ್ ಹಿಡಿದು ಒಂದೊಂದನ್ನೇ ಆರಿಸುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಇದು ಒಂದೇ ಸಾಲಿನ ಕೆಲಸ. (ಕಮಾಂಡ್‌ಗಳನ್ನೂ ಜೆಪಿಜಿಯನ್ನೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ. ಫೈಲ್ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ.)

ಮೊದಲು ‘ಸಿಡಿ’ ಕಮಾಂಡ್‌ನಿಂದ ಆ ಫೋಲ್ಡರಿಗೆ ಹೋಗಿ. ಆಮೇಲೆ ಫೈಲ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕಮಾಂಡನ್ನು ಹೀಗೆ ಬರೆಯಿರಿ:

ಎಲ್‌ಎಸ್ ಕಡ್ಡಿ*

ಕಡ್ಡಿಯಿಂದ ಶುರುವಾಗುವ ಫೈಲ್‌ಗಳಷ್ಟೇ ಕಾಣುತ್ತವೆ. * ಅಂದರೆ ಆ ಜಾಗದಲ್ಲಿ ಏನು ಬೇಕಾದರೂ ಇರಲಿ, ಏನೂ ಇಲ್ಲದಿದ್ದರೂ ಸರಿ.

ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡಿ. ಎಲ್‌ಎಸ್‌ಗೆ ಈ ಸ್ಟಾರ್ ಕಾಣುವುದೇ ಇಲ್ಲ. ಎಂಟರ್ ಒತ್ತಿದ ಕೂಡಲೇ ಶೆಲ್ (ನಾವು ಟೈಪ್ ಮಾಡಿದ ಸಾಲನ್ನು ಓದಿ ಕಮಾಂಡ್ ನಡೆಸುವ ಪ್ರೋಗ್ರಾಂ) ಫೋಲ್ಡರನ್ನು ನೋಡಿ, ಹೊಂದುವ ಹೆಸರುಗಳನ್ನೆಲ್ಲ ಅಲ್ಲಿ ತುಂಬಿ, ಆ ಪಟ್ಟಿಯನ್ನು ಎಲ್‌ಎಸ್ ಕೈಗೆ ಕೊಡುತ್ತದೆ. ಲಿನಕ್ಸ್‌ಗೆ ಮಾದರಿಯಾದ 1971ರ ಯುನಿಕ್ಸ್‌ನಲ್ಲಿ ಇದಕ್ಕೆಂದೇ ‘ಗ್ಲಾಬ್’ ಎಂಬ ಬೇರೆ ಪ್ರೋಗ್ರಾಂ ಇತ್ತು. ಈಗಲೂ ಈ ಕೆಲಸಕ್ಕೆ ಗ್ಲಾಬಿಂಗ್ ಎಂದೇ ಹೆಸರು.

ಪ್ರಶ್ನಾರ್ಥಕ ಚಿಹ್ನೆ ಒಂದೇ ಒಂದು ಅಕ್ಷರಕ್ಕೆ. ‘ಡಬ್ಬಿ-0?.ಜೆಪಿಜಿ’ ಅಂದರೆ 01ರಿಂದ 09ರವರೆಗಿನವು ಸಿಗುತ್ತವೆ. ಆದರೆ ಕನ್ನಡ ಹೆಸರಿಗೆ ಇದನ್ನು ಬಳಸುವಾಗ ಹುಷಾರು. ‘ಗದಗ’ ಎಂಬ ಫೈಲಿಗೆ ??? ಸಾಕು. ‘ಹಾವೇರಿ’ಯೂ ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಕಂಪ್ಯೂಟರ್‌ಗೆ ಅದು ಆರು. ಹ, ಅದರ ದೀರ್ಘ, ವ, ಅದರ ಏತ್ವ, ರ, ಅದರ ಗುಡಿಸು, ಎಲ್ಲ ಬೇರೆ ಬೇರೆ ಲೆಕ್ಕ. ‘ಹುಬ್ಬಳ್ಳಿ’ಗಂತೂ ಒತ್ತುಗಳೂ ಸೇರಿ ಒಂಬತ್ತು ಬೇಕು! ಕನ್ನಡದ ಭಾಗಕ್ಕೆ * ಹಾಕಿ, ಅಂಕಿಗಳಿಗೆ ? ಇಟ್ಟುಕೊಳ್ಳಿ. ನಾನು ಹಾಗೇ ಮಾಡುತ್ತೇನೆ.

ಚೌಕ ಕಂಸವೂ ಒಂದೇ ಅಕ್ಷರಕ್ಕೆ, ಆದರೆ ಆಯ್ಕೆ ನಿಮ್ಮದು. ‘ಕಡ್ಡಿ-1[0-5].ಜೆಪಿಜಿ’ ಅಂದರೆ 10ರಿಂದ 15. ಇದನ್ನೇ [10-15] ಎಂದು ಬರೆದರೆ ಕೆಲಸ ಕೆಡುತ್ತದೆ. ಅದಕ್ಕೆ 0, 1, 5 ಇವುಗಳಲ್ಲಿ ಯಾವುದೋ ಒಂದು ಅಂಕಿ ಎಂದಷ್ಟೇ ಅರ್ಥ.

ಇನ್ನು ಅಳಿಸುವ ವಿಷಯ. ಒಮ್ಮೆ ಡಬ್ಬಿ ಫೋಟೊಗಳನ್ನಷ್ಟೇ ತೆಗೆಯಲು ಹೋಗಿ ಹೀಗೆ ಬರೆದಿದ್ದೆ:

ಆರ್‌ಎಂ ಡಬ್ಬಿ *

ನಡುವೆ ಒಂದು ಸ್ಪೇಸ್ ಬಿದ್ದಿತ್ತು, ಅಷ್ಟೇ. ‘ಡಬ್ಬಿ’ ಎಂಬ ಫೈಲ್ ಸಿಗಲಿಲ್ಲ. ಒಂಟಿಯಾಗಿ ಉಳಿದ ಸ್ಟಾರ್‌ಗೆ ಶೆಲ್ ಪೂರ್ತಿ ಫೋಲ್ಡರನ್ನೇ ತುಂಬಿ ಕೊಟ್ಟಿತು. ಆರ್‌ಎಂ ಅಳಿಸಿದ್ದು ಟ್ರ್ಯಾಶ್‌ಗೂ ಹೋಗುವುದಿಲ್ಲ. ಮಾವನ ಮೊಬೈಲ್‌ನಲ್ಲಿ ಅರ್ಧದಷ್ಟು ಫೋಟೊ ಉಳಿದಿದ್ದವು. ಮಿಕ್ಕವು ಹೋದವು.

ಅಂದಿನಿಂದ ಅಳಿಸುವ ಮೊದಲು ‘ಎಕೋ ಡಬ್ಬಿ*’ ಎಂದು ಹಾಕುತ್ತೇನೆ. ಎಕೋ ಯಾವ ಫೈಲನ್ನೂ ಮುಟ್ಟುವುದಿಲ್ಲ, ಶೆಲ್ ಕೊಟ್ಟ ಪಟ್ಟಿಯನ್ನು ಸುಮ್ನೆ ತೋರಿಸುತ್ತದೆ. ಪಟ್ಟಿಯಲ್ಲಿ ಕಡ್ಡಿ ಕಂಡರೆ ಎಲ್ಲೋ ಸ್ಪೇಸ್ ಬಿದ್ದಿದೆ ಎಂದರ್ಥ. ಹೆಸರುಗಳ ಬದಲು ‘ಡಬ್ಬಿ*’ ಎಂದೇ ಬಂದರೆ ಹೊಂದುವ ಫೈಲ್ ಒಂದೂ ಇಲ್ಲ, ಕಾಗುಣಿತ ನೋಡಿಕೊಳ್ಳಿ. ಪಟ್ಟಿ ಸರಿಯಿದ್ದರೆ ಮೇಲಿನ ಬಾಣದ ಕೀ ಒತ್ತಿ, ಅದೇ ಸಾಲು ಮತ್ತೆ ಬರುತ್ತದೆ. ಎಕೋ ಅಳಿಸಿ ಆ ಜಾಗದಲ್ಲಿ ಆರ್‌ಎಂ ಬರೆದು ಎಂಟರ್ ಕೊಡಿ.